ಮೀನಿನ ತೊಟ್ಟಿಗೂ ಒಂದು ಹಿತ್ತಲು



ನಡುಮನೆ ಎಷ್ಟು ಚೆಂದವಿದ್ದರೂ ಹಿತ್ತಲಿಲ್ಲದಿದ್ದರೆ ಸಂಸಾರ ನಡೆಯುತ್ಯೇ? ಉಪ್ಪುನೀರಿನ ಮೀನುತೊಟ್ಟಿಗೂ ಅಂಥ ಹಿತ್ತಲೊಂದು ಬೇಕು. ಅದಕ್ಕೆ ಸಂಪ್ ಅಂತಾರೆ. ಅದರೊಳಗಿನ ಪಾಚಿಯ ಮಡಿಗೆ ರೆಫ್ಯೂಜಿಯಂ ಅಂತ ಹೆಸರು. ಗಾಜಿನಂಗಡಿಯಲ್ಲಿ ಅಳತೆಗೆ ಕತ್ತರಿಸಿ ತಂದರೆ ಮನೆಯಲ್ಲೇ ಮಾಡಿಕೊಳ್ಳಬಹುದು.

ಮೇಲಿನ ತೊಟ್ಟಿ 90 ಸೆಂ.ಮೀ. ಉದ್ದ, 45 ಅಗಲ ಇದೆ ಅಂತಿಟ್ಟುಕೊಳ್ಳಿ. ಕೆಳಗಿನ ಕಪಾಟಿಗೆ 60 ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಆಗುತ್ತೆ. ಅಡ್ಡಗಾಜು ಅಂಟಿಸಿ ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಕಸ ಸೋಸುವ ಬಟ್ಟೆಚೀಲ, ನಡುವೆ ಪಾಚಿ, ಕೊನೆಗೆ ನೀರು ಮೇಲೇರಿಸುವ ಪಂಪು. ಬೂಷ್ಟು ತಡೆಯುವ ಔಷಧಿ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ, ಅದನ್ನು ಮಾತ್ರ ತರಬೇಡಿ. ಅಂಟಿಸಿ ಒಂದು ವಾರ ಒಣಗಲು ಬಿಟ್ಟು, ಸಿಹಿನೀರು ತುಂಬಿ ಸೋರುತ್ತಾ ನೋಡಿ.

ನಡುವಿನ ಭಾಗಕ್ಕೆ ಕೀಟೊಮಾರ್ಫಾ ಎಂಬ ಕಡಲಪಾಚಿ ಹಾಕಿ. ಸಿಕ್ಕುಬಿದ್ದ ಹಸಿರು ನೂಲಿನಂತಿರುತ್ತೆ. ಮೀನಿನ ಹೊಲಸಿನಿಂದಾಗುವ ನೈಟ್ರೇಟ್, ಫಾಸ್ಫೇಟ್ ಅದಕ್ಕೆ ಗೊಬ್ಬರ. ಬೆಳೆದಂತೆ ಹಿಡಿಯಷ್ಟು ಕಿತ್ತು ಹೊರಗೆ ಹಾಕಿ. ಆಗಲೇ ಕೊಳೆ ಹೊರಹೋಗುವುದು. ಇದರ ದೀಪ ರಾತ್ರಿ ಉರಿಯಲಿ. ಕತ್ತಲಲ್ಲಿ ನೀರು ಹುಳಿಯಾಗುವ ಕಡೆ ಸರಿಯುತ್ತೆ, ಬೆಳಕಿನಲ್ಲಿರುವ ಪಾಚಿ ಅದನ್ನು ತಡೆಯುತ್ತೆ.

ಈಗ ಮುಖ್ಯ ಮಾತು. ಕರೆಂಟು ಹೇಳಿ ಕೇಳಿ ಹೋಗುತ್ಯೇ? ಪಂಪು ನಿಂತೊಡನೆ ಮೇಲಿನ ನೀರು ಕೆಳಗಿಳಿಯುತ್ತೆ. ಈ ತೊಟ್ಟಿಯಲ್ಲಿ 1 ಸೆಂ.ಮೀ. ಇಳಿದರೆ 4 ಲೀಟರು. ಪಂಪಿನ ಕೊಳವೆಯ ಬಾಯಿ 15 ಸೆಂ.ಮೀ. ಆಳದಲ್ಲಿದ್ದರೆ ಅದೇ ಕೊಳವೆ ಹಿಮ್ಮುಖವಾಗಿ ಹೀರಿ 60 ಲೀಟರು ಇಳಿಸಿಬಿಡುತ್ತೆ! ಕೆಳಗಿನದಕ್ಕೆ ಖಾಲಿಯಿದ್ದರೂ ಹಿಡಿಸುವುದು 54. ಮಿಕ್ಕಿದ್ದು ನೆಲಕ್ಕೆ. ಉಪ್ಪುನೀರು, ಪಕ್ಕದಲ್ಲೇ ಪ್ಲಗ್ಗು, ಓಡಾಡುವ ಮಕ್ಕಳು ಅಂದರೆ ಹುಡುಗಾಟವಲ್ಲ. ಆದ್ದರಿಂದ ಆ ಕೊಳವೆಗೆ ನೀರಿನ ಮಟ್ಟದ ತುಸು ಕೆಳಗೆ 3 ಮಿ.ಮೀ. ತೂತು ಕೊರೆಯಿರಿ. ಗಾಳಿ ಹೊಕ್ಕು ಹೀರುವುದು ನಿಲ್ಲುತ್ತೆ. ತೂತು ಕಟ್ಟಿಕೊಳ್ಳದಂತೆ ಆಗಾಗ ಉಜ್ಜುತ್ತಿರಿ. ಪಂಪು ಓಡುವಾಗ ಕೆಳಗಿನ ತೊಟ್ಟಿ ಅರ್ಧ ಮಾತ್ರ ತುಂಬಿರಲಿ. ಪ್ಲಗ್ಗಿನ ವೈರು ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಆಗ ಹನಿ ಪ್ಲಗ್ಗಿಗೆ ಹರಿಯದು.

ಆವಿಯಾಗುವುದು ನೀರು, ಉಪ್ಪಲ್ಲ. ಕಡಿಮೆಯಾದಷ್ಟಕ್ಕೆ ಶುದ್ಧ ಸಿಹಿನೀರನ್ನೇ ಪಂಪಿನ ಭಾಗಕ್ಕೆ ಸೇರಿಸಿ.

ಇನ್ನೊಂದು ವಿಷಯ. ನಮ್ಮ ಕಡಲಿನ ಹವಳ ಕೀಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮುರುಡೇಶ್ವರದಾಚೆ ನೇತ್ರಾಣಿಯ ಹವಳ ಅಲ್ಲೇ ಚೆಂದ. ಯಾರಾದರೂ ಕದ್ದು ತಂದುಕೊಟ್ಟರೂ ಬೇಡವೆನ್ನಿ. ಸುಟ್ಟ ಮಣ್ಣಿನ ಕಲ್ಲು ಜೋಡಿಸಿ, ನಮ್ಮ ದೇಶದಲ್ಲೇ ಮರಿ ಮಾಡಿಸಿದ ಕ್ಲೌನ್ ಮೀನು ಸಾಕಿ.

ಮೀನು ಬಿಡುವ ಮುನ್ನ, ನೀವೇ ಎದುರಿಗಿದ್ದು ಪಂಪು ಆರಿಸಿ ನೋಡಿ. ನೀರು ಎಲ್ಲಿಗೆ ಬಂದು ನಿಲ್ಲುತ್ತೋ ಅಲ್ಲಿ ಗಾಜಿಗೊಂದು ಗುರುತು ಹಾಕಿ. ಅದು ಅಂಚಿಗಿಂತ ನಾಲ್ಕು ಬೆರಳು ಕೆಳಗಿದ್ದರೆ, ಕರೆಂಟು ಹೋದ ರಾತ್ರಿಯೂ ನಿಶ್ಚಿಂತೆಯಿಂದ ಮಲಗಬಹುದು.