ಸರಾಸರಿಯ ಮರೆಯಲ್ಲಿ ಅಡಗಿದ ಮನೆಗಳು

ನಮ್ಮ ಸೀಮೆಯ ಬೆಟ್ಟವೊಂದನ್ನು ಕಲ್ಲುಗಣಿಗೆ ಕೊಡುವ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ‘ಇದರಿಂದ ಜಿಲ್ಲೆಯ ಆದಾಯ ಹೆಚ್ಚುತ್ತದೆ.’ ವಾದವೇನೂ ಸುಳ್ಳಲ್ಲ. ಆದರೆ ಜಿಲ್ಲೆಯ ಆದಾಯವೆಂದರೆ ಯಾರ ಆದಾಯ? ಕೈವಾರದ ಸುತ್ತಲಿನ ಹಳ್ಳಿಗರೂ ವಿದ್ಯಾರ್ಥಿಗಳೂ ಈ ಪ್ರಶ್ನೆಯನ್ನು ಕೇಳಲು ಕಲಿಯಬೇಕಾಗಿದೆ.

ಜಿಲ್ಲಾ ಆದಾಯವೆಂದರೆ ಜಿಲ್ಲೆಯ ಗಡಿಯೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು ಹಾಗೂ ಸೇವೆಗಳಿಂದ ಸೃಷ್ಟಿಯಾದ ಮೌಲ್ಯ. ಅದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ ದೊರೆಯುತ್ತದೆ. ಕ್ರಷರಿನ ಮಾಲೀಕರು ಬೆಂಗಳೂರಿನಲ್ಲಿ ವಾಸವಿದ್ದು ಲಾಭವನ್ನೆಲ್ಲ ಅಲ್ಲಿಗೇ ಒಯ್ದರೂ ಆ ಮೊತ್ತ ನಮ್ಮ ಲೆಕ್ಕಕ್ಕೇ ಸೇರುತ್ತದೆ. ಕರಗಿದ ಬೆಟ್ಟ, ಬತ್ತಿದ ಅಂತರ್ಜಲ ಮಾತ್ರ ಯಾವ ಲೆಕ್ಕದಲ್ಲಿಯೂ ಕಳೆಯಲ್ಪಡುವುದಿಲ್ಲ.

ಒಂದು ಸರಳ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಊರಿನಲ್ಲಿ ಒಂಬತ್ತು ಮನೆಗಳಿವೆ. ಎಂಟು ಮನೆಗಳ ವಾರ್ಷಿಕ ಆದಾಯ ಕ್ರಮವಾಗಿ 60, 70, 80, 90, 100, 120, 150 ಮತ್ತು 230 ಸಾವಿರ ರೂಪಾಯಿ. ಒಂಬತ್ತನೆಯದು ಕ್ರಷರಿನವರ ಮನೆ. ಅದರ ಆದಾಯ 36 ಲಕ್ಷ. ಸರಾಸರಿ ತೆಗೆದರೆ ಮನೆಯೊಂದಕ್ಕೆ 5 ಲಕ್ಷ! ಆದರೆ ಮನೆಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಐದನೆಯ ಮನೆಯ ಆದಾಯ 1 ಲಕ್ಷ ಮಾತ್ರ. ಇದೇ ಮಧ್ಯಾಂಕ. ಮರುವರ್ಷ ಕ್ರಷರಿನ ಆದಾಯ 45 ಲಕ್ಷಕ್ಕೆ ಏರಿತೆನ್ನಿ. ಊರಿನ ಸರಾಸರಿ 6 ಲಕ್ಷವಾಗಿ ಶೇ. 20ರ ‘ಅಭಿವೃದ್ಧಿ’ ದಾಖಲಾಗುತ್ತದೆ. ಮಧ್ಯಾಂಕ ಕದಲುವುದಿಲ್ಲ. ಆ ವರ್ಷ ಬೆಲೆಗಳು ಏರಿದ್ದರೆ ಐದನೆಯ ಮನೆ ವಾಸ್ತವವಾಗಿ ಬಡವಾಗಿದೆ.

ಹಾಗಾದರೆ ಚಿಂತಾಮಣಿ ತಾಲ್ಲೂಕಿನ ಕುಟುಂಬಗಳ ಮಧ್ಯಾಂಕ ಆದಾಯವನ್ನು ಏಕೆ ಪ್ರಕಟಿಸುವುದಿಲ್ಲ? ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಗಳು ಅದಕ್ಕಾಗಿ ರೂಪುಗೊಂಡವಲ್ಲ. 2018–19ರ ಸಮೀಕ್ಷೆಯು ದೇಶದ ಕೃಷಿ ಕುಟುಂಬವೊಂದರ ಮಾಸಿಕ ಆದಾಯವನ್ನು 10,218 ರೂಪಾಯಿ ಎಂದು ಅಂದಾಜಿಸಿತು. ಅದೂ ಸರಾಸರಿಯೇ. ತಾಲ್ಲೂಕಿನ ಮಟ್ಟಕ್ಕೆ ಇಳಿದರೆ ಮಾದರಿಯಲ್ಲಿ ಉಳಿಯುವ ಮನೆಗಳು ಬೆರಳೆಣಿಕೆಯಷ್ಟು. ಗೃಹ ಆದಾಯವನ್ನೇ ಅಳೆಯುವ ರಾಷ್ಟ್ರೀಯ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದಾಗಿ ಕೇಂದ್ರ ಸಾಂಖ್ಯಿಕ ಸಚಿವಾಲಯ 2025ರಲ್ಲಿ ಪ್ರಕಟಿಸಿತು. ಇದು ಸ್ವಾಗತಾರ್ಹ, ಆದರೆ ತಾಲ್ಲೂಕಿನ ಚಿತ್ರಕ್ಕೆ ಅದೊಂದೇ ಸಾಲದು.

ತಾಲ್ಲೂಕನ್ನು ಬಿಡಿಯಾಗಿ ನೋಡುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದು ಗುರುತಿಸಿತು. ಜಿಲ್ಲೆಯ ಅಂಕಿಗಳು ಮುಚ್ಚಿಟ್ಟಿದ್ದನ್ನು ತಾಲ್ಲೂಕಿನ ಅಂಕಿಗಳು ತೆರೆದಿಟ್ಟವು.

ಕಾಲಾನುಕ್ರಮದ ಹೋಲಿಕೆಗೆ ಇನ್ನೂ ಮೂರು ತೊಡಕುಗಳಿವೆ. ಮೊದಲನೆಯದು ಗಡಿ: 2007ರವರೆಗೆ ನಾವು ಕೋಲಾರ ಜಿಲ್ಲೆಯವರು. ಹಳೆಯ ಕೋಲಾರದ ಅಂಕಿಯನ್ನು ಇಂದಿನ ಚಿಕ್ಕಬಳ್ಳಾಪುರದ ಅಂಕಿಯ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎನ್ನಲಾಗದು. ಎರಡನೆಯದು ಬೆಲೆ: ಗ್ರಾಮೀಣ ಬೆಲೆ ಸೂಚ್ಯಂಕದಿಂದ ಸರಿಪಡಿಸದ ಆದಾಯ ಕಣ್ಣಿಗೆ ಮಣ್ಣೆರಚುತ್ತದೆ. ಮೂರನೆಯದು ಕೃಷಿಯ ಸ್ವಭಾವ: ಟೊಮೆಟೊಗೆ ಬೆಲೆ ಬಂದ ವರ್ಷದ ರೈತನೂ ಅದನ್ನು ರಸ್ತೆಗೆ ಸುರಿದ ವರ್ಷದ ರೈತನೂ ಒಬ್ಬನೇ. ಮೂರು ವರ್ಷಗಳನ್ನಾದರೂ ಕೂಡಿಸಿ ನೋಡಬೇಕು. ಮನೆಗೆ ಉಳಿಸಿಕೊಂಡ ರಾಗಿಯನ್ನು ಸೇರಿಸಬೇಕು. ವಿಫಲವಾದ ಕೊಳವೆಬಾವಿಯ ಖರ್ಚನ್ನು ಕಳೆಯಬೇಕು.

ಇದು ಅಸಾಧ್ಯವೇ? ಅಲ್ಲ. ಅಮೆರಿಕದಲ್ಲಿ ಜನಗಣತಿ ಇಲಾಖೆಯು ನಮ್ಮ ಜಿಲ್ಲೆಗೆ ಸಮಾನವಾದ ಪ್ರತಿಯೊಂದು ಕೌಂಟಿಯ ಮಧ್ಯಾಂಕ ಗೃಹ ಆದಾಯವನ್ನು ವರ್ಷವರ್ಷವೂ ಅಂದಾಜಿಸುತ್ತದೆ. ಸಮೀಕ್ಷೆಯ ಮಾದರಿ ಚಿಕ್ಕದಾದಲ್ಲಿ ತೆರಿಗೆ ಮೊದಲಾದ ಆಡಳಿತ ದಾಖಲೆಗಳ ಬೆಂಬಲ ಪಡೆಯುತ್ತದೆ. ಈ ‘ಕಿರುಪ್ರದೇಶ ಅಂದಾಜು’ ವಿಧಾನದ ಹೆಸರಾಂತ ಪ್ರಯೋಗವೊಂದು ಕೃಷಿಯದೇ ಎಂಬುದು ನನಗೆ ಹೆಮ್ಮೆಯ ಸಂಗತಿ: 1988ರಲ್ಲಿ ಪ್ರಕಟವಾದ ಅಧ್ಯಯನವು ಅಯೋವಾದ 12 ಕೌಂಟಿಗಳ ಮೆಕ್ಕೆಜೋಳ ಹಾಗೂ ಸೋಯಾ ಬೆಳೆಯ ವಿಸ್ತೀರ್ಣವನ್ನು ಕೆಲವೇ ಹೊಲಗಳ ಸಮೀಕ್ಷೆ ಮತ್ತು ಉಪಗ್ರಹ ಚಿತ್ರಗಳನ್ನು ಜೋಡಿಸಿ ಅಂದಾಜಿಸಿತ್ತು. ನಮ್ಮ ರೈತರಲ್ಲಿ ಆದಾಯ ತೆರಿಗೆಯ ದಾಖಲೆ ಇಲ್ಲದಿರಬಹುದು. ಆದರೆ ಹಾಲಿನ ಡೇರಿಯ ಲೆಕ್ಕ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ವಹಿವಾಟು, ಬೆಳೆ ಸಮೀಕ್ಷೆ, ಉದ್ಯೋಗ ಖಾತರಿಯ ಕೂಲಿ ದಾಖಲೆಗಳು ಇವೆ. ಒಳ್ಳೆಯ ಮಾದರಿ ಸಮೀಕ್ಷೆಯೊಂದಕ್ಕೆ ಇವು ಊರುಗೋಲಾಗಬಲ್ಲವು; ಸಮೀಕ್ಷೆಗೆ ಬದಲಿಯಾಗಲಾರವು.

ಮಧ್ಯಾಂಕವೂ ಪೂರ್ಣ ಸತ್ಯವಲ್ಲ. ಸಾಲಿನ ಕೊನೆಯಲ್ಲಿ ನಿಂತ ಭೂಹೀನ ಕೂಲಿಕಾರರ ಮನೆಯನ್ನು ಅದು ಕಾಣಿಸದು. ಆದ್ದರಿಂದ ಕೆಳಗಿನ ಕಾಲು ಭಾಗದ ಮನೆಗಳ ಲೆಕ್ಕವನ್ನೂ ಜೊತೆಯಲ್ಲೇ ಕೇಳಬೇಕು.

ವಿದ್ಯಾರ್ಥಿ ಮಿತ್ರರು ತಮ್ಮ ಊರಿನಲ್ಲಿಯೇ ಇದನ್ನು ಆರಂಭಿಸಬಹುದು. ಹೆಸರು ಬರೆಯದೆ, ಒಪ್ಪಿಗೆ ಪಡೆದು, ಚೀಟಿ ಎತ್ತಿ ಆರಿಸಿದ ಮೂವತ್ತು ಮನೆಗಳ ಆದಾಯವನ್ನು ಕ್ರಮವಾಗಿ ಬರೆದು ನಡುವಿನ ಅಂಕಿಯನ್ನು ಗುರುತಿಸಲಿ. ಮೂರು ವರ್ಷಗಳ ನಂತರ ಮತ್ತೆ ಬರೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಬೆಟ್ಟ ಒಡೆದರೆ ಆದಾಯ ಹೆಚ್ಚುತ್ತದೆಂದು ಹೇಳಿದಾಗ ಆ ಹಾಳೆಯನ್ನು ಮುಂದಿಟ್ಟು ಕೇಳೋಣ: ಸಾಲಿನ ನಡುವೆ ನಿಂತ ಮನೆಗೆ ಎಷ್ಟು ಬಂತು? ಉತ್ತರವಿಲ್ಲದಿದ್ದರೆ ಬೆಟ್ಟ ಇದ್ದಲ್ಲೇ ಇರಲಿ.