ಹಿಮಾಲಯದ ಸೈಕಲ್ಲು, ಪೇಟೆಯ ಪಾವತಿ ಪುಸ್ತಕ

ಪಾವತಿ ಪುಸ್ತಕ ಹಿಡಿದು ಅಂಗಡಿಯ ಕಟ್ಟೆ ಹತ್ತುವವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವ್ಯಾಪಾರಸ್ಥರಿಗೆ ಹೊಸಬರಲ್ಲ. ಗಣಪತಿ ಪಟ್ಟಿ, ಜಾತ್ರೆ ಪಟ್ಟಿ, ಉರುಸಿನ ಪಟ್ಟಿ, ಕ್ರಿಕೆಟ್ ಟೂರ್ನಮೆಂಟಿನ ಪಟ್ಟಿ ಎಂದು ವರ್ಷದ ಹನ್ನೆರಡು ತಿಂಗಳೂ ಒಂದಿಲ್ಲೊಂದು ಇದ್ದದ್ದೇ. ದೊಡ್ಡ ಊರುಗಳಲ್ಲಿ ಈಗ ಇನ್ನೊಂದು ಬಗೆಯ ಪಟ್ಟಿ ಬೆಳೆದಿದೆ. ಎತ್ತರದ ಪರ್ವತಗಳಲ್ಲಿ ಸೈಕಲ್ ತುಳಿಯುವುದು, ಅದರ ಹೆಸರಿನಲ್ಲಿ ಅನಾಥ ಮಕ್ಕಳಿಗೋ ಕ್ಯಾನ್ಸರ್ ರೋಗಿಗಳಿಗೋ ದೇಣಿಗೆ ಎತ್ತುವುದು. ಸೈಕಲ್ಲಿಗೆ ಹೆಸರಾದ ಈ ಜಿಲ್ಲೆಗೆ ಅದು ಬಾರದೆ ಇರದು. "ಸಾವ್ಕಾರ್ರ, ಲಡಾಖಕ್ಕ ಸೈಕಲ್ ಮ್ಯಾಲ ಹೊಂಟೇವ್ರಿ. ಒಳ್ಳೆ ಕೆಲಸಕ್ಕ ಅದ, ಒಂದ್ ಐದನೂರು ಬರೀರಿ" ಎಂದು ಹುಡುಗರು ಬಂದು ನಿಂತರೆ ಗಲ್ಲೆಯ ಮೇಲೆ ಕೂತವರು ಏನು ಹೇಳಬೇಕು? ಸುಮ್ಮನೆ ಕೊಟ್ಟು ಕಳಿಸಬೇಕೋ, ಕೇಳಿ ಕೊಡಬೇಕೋ?

ಕೇಳಿಯೇ ಕೊಡಬೇಕು. ಆದರೆ ನಗೆಯಾಡಿ ಕಳಿಸಬಾರದು.

ನಗೆಯಾಡುವ ಮಾತು ಅದಲ್ಲ ಎಂಬುದಕ್ಕೆ ಆ ರಸ್ತೆಯೇ ಸಾಕ್ಷಿ. ಮನಾಲಿಯಿಂದ ಲೇಹದವರೆಗೆ 450 ಕಿ.ಮೀ. ಆಸುಪಾಸು. ನಡುವೆ ಬಾರಾಲಾಚಾ ಲಾ, ಲಾಚುಂಗ್ ಲಾ, ತಂಗ್ಲಾಂಗ್ ಲಾ ಎಂಬ ಕಣಿವೆ ದಾರಿಗಳು. ಕೊನೆಯದರ ಎತ್ತರ 5,300 ಮೀಟರ್ ದಾಟುತ್ತದೆ. ಗಾಟಾ ಲೂಪ್ಸ್ ಎಂಬಲ್ಲಿ ಒಂದೇ ಗುಡ್ಡದ ಮೈಮೇಲೆ 21 ಹೊರಳು ತಿರುವುಗಳಿವೆ. ಲೇಹ ಮುಟ್ಟಿದ ಮೇಲೂ ಹಟ ಉಳಿದವರು ಖರ್ದುಂಗ್ ಲಾ ಹತ್ತುತ್ತಾರೆ. ದೂರ ಹೆಚ್ಚು ಕಡಿಮೆ ಬಸವನ ಬಾಗೇವಾಡಿಯಿಂದ ವಿಜಯಪುರದಷ್ಟೇ, 40 ಕಿ.ಮೀ. ಆದರೆ ಏರು ಮಾತ್ರ ಗೋಳಗುಮ್ಮಟವನ್ನು ಒಂದರ ಮೇಲೊಂದು ಮೂವತ್ತಕ್ಕೂ ಹೆಚ್ಚು ಸಲ ಇಟ್ಟಷ್ಟು. ಮೇಲೆ ಹೋದವನಿಗೆ ಒಂದು ಉಸಿರಿನಲ್ಲಿ ಸಿಗುವ ಪ್ರಾಣವಾಯು ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧ. ಇಲ್ಲಿಯ ಬಯಲು ನೆಲ 600 ಮೀಟರ್ ಎತ್ತರದ ಸುತ್ತಮುತ್ತಲಿನದು. ಎದುರು ಗಾಳಿಗೆ, ಏಪ್ರಿಲ್ ಬಿಸಿಲಿಗೆ ಎದೆಯೊಡ್ಡಿದ ಹುಡುಗರಿಗೂ ಘಟ್ಟದ ಏರು ಹೊಸದು. ಏರಿನ ರೂಢಿ ಆಗಬೇಕೆಂದರೆ ಆನಮೋಡಕ್ಕೋ ಅಂಬೋಲಿಗೋ ಹೋಗಬೇಕು.

(ಖರ್ದುಂಗ್ ಲಾ ನೆತ್ತಿಯ ಫಲಕದಲ್ಲಿ ಬಹಳ ವರ್ಷ 18,380 ಅಡಿ ಎಂದು ಬರೆದಿತ್ತು. ಉಪಕರಣ ಇಟ್ಟು ಅಳೆದವರು ಅದು 17,582 ಅಡಿ ಎಂದರು. 798 ಅಡಿ ಲೆಕ್ಕಕ್ಕೆ ಸಿಗಲಿಲ್ಲ! ಬೋರ್ಡು ದೊಡ್ಡದಿದ್ದಲ್ಲಿ ಅಳತೆ ಕೇಳುವುದು ತಪ್ಪಲ್ಲ ಎಂದು ತಕ್ಕಡಿ ಹಿಡಿಯುವವರಿಗೆ ಬೇರೆ ಹೇಳಬೇಕಾಗಿಲ್ಲ.)

ಒಳ್ಳೆಯ ಉದಾಹರಣೆಗಳೂ ಇವೆ. 2016ರಲ್ಲಿ ಪುಣೆಯ ದಿವ್ಯಾಂಶು ಗಣಾತ್ರಾ ಮನಾಲಿಯಿಂದ ಖರ್ದುಂಗ್ ಲಾ ತನಕ ಇಬ್ಬರು ತುಳಿಯುವ ಜೋಡಿ ಸೈಕಲ್ಲಿನಲ್ಲಿ ಹೋದರು. ಅವರಿಗೆ ಕಣ್ಣು ಕಾಣುವುದಿಲ್ಲ. ಅಂಗವಿಕಲರೂ ಉಳಿದವರೂ ಒಟ್ಟಿಗೆ ಆಡಬೇಕು, ಓಡಬೇಕು ಎಂಬುದೇ ಅವರ ಸಂಸ್ಥೆಯ ಉದ್ದೇಶ. ಅಲ್ಲಿ ಸವಾರಿ ಬೇರೆ, ಸೇವೆ ಬೇರೆ ಆಗಲಿಲ್ಲ. ಕರ್ನಾಟಕದ್ದೇ ಬೇಕೆಂದರೆ 2008ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಶುರುವಾದ 'ಟೂರ್ ಆಫ್ ನೀಲಗಿರೀಸ್' ಇದೆ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಟ್ಟದ 36 ತಿರುವುಗಳು ಅದರ ಸವಾರರಿಗೆ ಪರೀಕ್ಷೆಯ ದಿನ. ಅಲ್ಲಿ ಸವಾರರು ಪ್ರವೇಶ ಶುಲ್ಕ ಕಟ್ಟಿ ಬರುತ್ತಾರೆ. ಕೆಲವರು ಸೇವಾ ಸಂಸ್ಥೆಗಳಿಗೆಂದು ಬೇರೆಯಾಗಿ ದೇಣಿಗೆ ಕೂಡಿಸುತ್ತಾರೆ.

ಗಮನಿಸಬೇಕಾದ ಮಾತು ಆ 'ಬೇರೆಯಾಗಿ' ಎಂಬುದರಲ್ಲಿದೆ. ಸವಾರನ ರೈಲು ತಿಕೀಟು, ಸೈಕಲ್ ಸಾಗಾಟ, ಡೇರೆ, ಊಟ, ಹಿಂದೆ ಬರುವ ಜೀಪಿನ ಡೀಸೆಲ್ಲು ಎಲ್ಲವೂ ಸವಾರನ ಖರ್ಚು. ಅದನ್ನು ಅವನು ತನ್ನ ಕಿಸೆಯಿಂದ ಹಾಕಬೇಕು. ಇಲ್ಲವೆ "ಇದು ನನ್ನ ಪ್ರವಾಸಕ್ಕೆ ಬೇಕು" ಎಂದು ಬಾಯಿಬಿಟ್ಟು ಕೇಳಬೇಕು. ಹಾಗೆ ಕೇಳುವುದರಲ್ಲಿ ನಾಚಿಕೆ ಏನಿದೆ? ಹಿಂದೆ ಊರೂರಿನ ಬಯಲಿನಲ್ಲಿ ಹಗಲು ರಾತ್ರಿ ಇಳಿಯದೆ ವಾರಗಟ್ಟಲೆ ಸೈಕಲ್ ಸುತ್ತುವವರು ಬರುತ್ತಿದ್ದರು. ಮೈಕಿನಲ್ಲಿ ಹಾಡು, ಸೈಕಲ್ ಮೇಲೆಯೇ ಸ್ನಾನ, ಊಟ. ಮಂದಿ ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ಆತ ಹೊಟ್ಟೆಪಾಡಿಗೆ ತುಳಿಯುತ್ತಿದ್ದ, ಅದು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಮೋಸವಾಗಲಿಲ್ಲ. ಧರ್ಮಾರ್ಥ ಎಂದು ಪಾವತಿ ಹರಿದು ಅರ್ಧ ರೊಕ್ಕ ವಿಮಾನದ ತಿಕೀಟಿಗೆ ಹೋದರೆ ಮಾತ್ರ ಮೋಸ. ಕಾಯಕ ಬೇರೆ, ದಾಸೋಹ ಬೇರೆ, ಒಂದನ್ನು ದುಡಿದು ಇನ್ನೊಂದನ್ನು ಮಾಡಬೇಕು ಎಂಬುದನ್ನು ಬಸವಣ್ಣನ ಹುಟ್ಟೂರಿನ ತಾಲೂಕಿನವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅದು ಹಣಕ್ಕಿಂತ ದೊಡ್ಡದು. ಎತ್ತರದ ಜಾಗದಲ್ಲಿ ಮೊದಲು ತಲೆಶೂಲೆ, ಆಮೇಲೆ ವಾಂತಿ, ನಿದ್ದೆ ಇಲ್ಲದ ರಾತ್ರಿ. ಅಲಕ್ಷ್ಯ ಮಾಡಿದರೆ ಶ್ವಾಸಕೋಶದಲ್ಲಿ, ಮೆದುಳಿನಲ್ಲಿ ನೀರು ಸೇರಿ ಜೀವಕ್ಕೇ ಅಪಾಯ. ದಮ್ಮು ಎಷ್ಟೇ ಇರಲಿ, ಎಷ್ಟೇ ಗಟ್ಟಿ ತೊಡೆ ಇರಲಿ, ಈ ಬೇನೆ ಯಾರನ್ನೂ ಬಿಡುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು ಕೊಡಬೇಕು ಎಂಬುದು ವೈದ್ಯರ ಸಲಹೆ. ಬೇನೆ ಹೆಚ್ಚಾದರೆ ಮದ್ದು ಒಂದೇ, ಕೆಳಗೆ ಇಳಿಯುವುದು. ಆದರೆ ಬೆನ್ನ ಮೇಲೆ ಊರಿನ ದೇಣಿಗೆ ಹೊತ್ತ ಹುಡುಗ ಹೇಗೆ ಇಳಿದಾನು? "ಇಷ್ಟು ಮಂದಿ ರೊಕ್ಕಾ ಕೊಟ್ಟಾರ, ಸತ್ಕಾರ ಮಾಡಿ ಕಳಿಸ್ಯಾರ, ಅರ್ಧಕ್ಕ ಬಂದ್ರ ಏನಂತಾರ?" ಎಂದು ಹಲ್ಲು ಕಚ್ಚಿ ಮುಂದೆ ಹೋಗುತ್ತಾನೆ. ಕಿ.ಮೀ.ಗೆ ಇಷ್ಟು ರೂಪಾಯಿ ಎಂದು ದೇಣಿಗೆಗೆ ಮಾತು ಕೊಡುವ ಪದ್ಧತಿ ಹೊರದೇಶಗಳಲ್ಲಿದೆ. ಬಯಲು ಸೀಮೆಯ ಸವಾರಿಗೆ ಅದು ಸರಿ, ಪರ್ವತಕ್ಕೆ ಸರಿಯಲ್ಲ. ಕೊಡುವವರು ಮೊದಲೇ ಹೇಳಿಬಿಡಬೇಕು: ನೀ ತುದಿ ಮುಟ್ಟಿದರೂ ಮುಟ್ಟದಿದ್ದರೂ ರೊಕ್ಕ ಮುಟ್ಟಬೇಕಾದಲ್ಲಿಗೆ ಮುಟ್ಟಲಿ, ನೀ ಮನಿಗೆ ಸುರಕ್ಷಿತ ಬಾ.

ಹಾಗಾದರೆ ಮುಟ್ಟಬೇಕಾದದ್ದು ಎಲ್ಲಿಗೆ? ದೂರ ಹುಡುಕಬೇಕಾಗಿಲ್ಲ. ಬೆಳಗಿನ ಬಸ್ಸಿನಲ್ಲಿ ಬಾಗಿಲ ಹತ್ತಿರ ಒಂಟಿಗಾಲಲ್ಲಿ ನಿಂತ ಶಾಲೆ ಮಕ್ಕಳನ್ನು ನೋಡಿದವರಿಗೆ ಅದು ಗೊತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ತಿಕೀಟಿನ ಚಿಂತೆ ತಪ್ಪಿತು. ಆದರೆ ತುಂಬಿದ ಬಸ್ಸು ಹಳ್ಳಿಯ ಕ್ರಾಸಿನಲ್ಲಿ ನಿಲ್ಲದೆ ಹೋದರೆ ಪುಕ್ಕಟೆ ತಿಕೀಟು ಯಾವ ಉಪಯೋಗಕ್ಕೆ? ಏಳನೆಯ ಇಯತ್ತೆ ಊರಲ್ಲೇ ಮುಗಿಸಿದ ಹುಡುಗಿಗೆ ಹೈಸ್ಕೂಲು ನಾಲ್ಕೈದು ಕಿ.ಮೀ. ದೂರವಾದರೆ ಮನೆಯವರು ಎರಡು ಸಲ ವಿಚಾರ ಮಾಡುತ್ತಾರೆ. ಮಳೆಗಾಲದಲ್ಲಿ ಡೋಣಿ ತುಂಬಿ ತಾಳಿಕೋಟಿ ಕಡೆಯ ದಾರಿ ಕಟ್ಟಾದರೆ ವಿಚಾರ ಮಾಡುವುದೂ ಉಳಿಯುವುದಿಲ್ಲ.

ಎಂಟನೆಯ ಇಯತ್ತೆಯ ಮಕ್ಕಳಿಗೆ ಸರಕಾರ ಸೈಕಲ್ ಕೊಡಲು ತೊಡಗಿದ್ದು 2006-07ರಲ್ಲಿ. ಕೆಲವು ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ನಿಜ. ಆದರೂ ಸಾಲಾಗಿ ಶಾಲೆಗೆ ಹೊರಟ ಸೈಕಲ್ಲುಗಳನ್ನು ಊರು ಕಂಡಿತ್ತು. 2020ರಲ್ಲಿ ಕೊರೊನಾ ಬಂದಾಗ ವಿತರಣೆ ನಿಂತಿತು, ನಂತರದ ವರ್ಷಗಳಲ್ಲೂ ಬರಲಿಲ್ಲ. ಅದೇ 2006ರಲ್ಲಿ ಬಿಹಾರವೂ ಹೈಸ್ಕೂಲು ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಅದನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರು, ಸರಿಯಾದ ವಯಸ್ಸಿನಲ್ಲಿ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದು ಲೆಕ್ಕ ಕೊಟ್ಟರು. ಹೆಚ್ಚು ಉಪಯೋಗವಾದದ್ದು ಹೈಸ್ಕೂಲು ದೂರವಿದ್ದ ಹಳ್ಳಿಗಳಲ್ಲಿ. ಸರಕಾರ ಮತ್ತೆ ಸೈಕಲ್ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಬರುವ ತನಕ ಪೇಟೆ ಕೈಕಟ್ಟಿ ಕೂರಬೇಕಾಗಿಲ್ಲ. ಪರ್ವತ ಹತ್ತುವ ಒಂದು ಗೇರ್ ಸೈಕಲ್ಲಿನ ಬೆಲೆಗೆ ಶಾಲೆಗೆ ಹೋಗುವ ಸಾದಾ ಸೈಕಲ್ಲು ಹತ್ತು ಬರುತ್ತವೆ.

ಇಲ್ಲಿಯ ಹುಡುಗರ ಕಾಲಿನ ಬಲದ ಬಗ್ಗೆ ಸಂಶಯವಿಲ್ಲ. ವಿಜಯಪುರದ ಕ್ರೀಡಾ ನಿಲಯದಲ್ಲಿ ಪಳಗಿದ ಸೈಕಲ್ ಪಟುಗಳು ರಾಜ್ಯಕ್ಕೆ, ದೇಶಕ್ಕೆ ಪದಕ ತಂದಿದ್ದಾರೆ. ವೆಲೊಡ್ರೋಮಿನ ಕೆಲಸ ವರ್ಷಗಟ್ಟಲೆ ಕುಂಟಿದಾಗಲೂ ಲಾರಿಗಳ ನಡುವೆ ಹೆದ್ದಾರಿಯ ಅಂಚಿನಲ್ಲೇ ತಾಲೀಮು ಮಾಡಿದರು. ಅಂಥವರಿಗೆ ಹಿಮಾಲಯ ನೋಡುವ ಆಸೆ ಬಂದರೆ ಅದು ಸಹಜ. ಆದರೆ ಲಡಾಖಕ್ಕೆ ಹೋಗುವ ಮೊದಲು ದೇಣಿಗೆಯ ಸವಾರಿ ಇಲ್ಲಿಯೇ ಆಗಲಿ. ಇಂಡಿಯಿಂದ ಸಿಂದಗಿ, ಅಲ್ಲಿಂದ ತಾಳಿಕೋಟಿ ಮೇಲೆ ಹಾಯ್ದು ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ. (ಹಳೆಯ ಈ ತಾಲೂಕುಗಳು ಒಡೆದು ಈಗ ತಾಳಿಕೋಟಿ, ಚಡಚಣ, ದೇವರ ಹಿಪ್ಪರಗಿ, ನಿಡಗುಂದಿ ಎಂದು ಹಲವಾಗಿವೆ, ರಸ್ತೆ ಮಾತ್ರ ಅದೇ.) ಕೊಟ್ಟವರು ಅಂಗಡಿಯ ಮುಂದೆ ನಿಂತು ಸವಾರರನ್ನು ನೋಡಲಿ, ಸವಾರರು ಯಾವ ಶಾಲೆಗೆ ಸೈಕಲ್ ಎಂದು ನಿಂತಲ್ಲಿಯೇ ಹೇಳಲಿ.

ಲೆಕ್ಕದ ಕೆಲಸ ಕಷ್ಟದ್ದಲ್ಲ. ನೋಂದಣಿ ಇರುವ ಸಂಸ್ಥೆಯ ಹೆಸರಿನಲ್ಲಿ, ನಂಬರು ಹಾಕಿದ ಪಾವತಿ. ಆದಾಯ ತೆರಿಗೆಯ ರಿಯಾಯಿತಿ ಬೇಕಾದ ವ್ಯಾಪಾರಸ್ಥರು 2,000 ರೂ. ಮೀರಿದ ದೇಣಿಗೆಯನ್ನು ರೋಖು ಕೊಡದೆ ಬ್ಯಾಂಕಿನ ಮೂಲಕ ಕೊಡುವುದು ಒಳಿತು. ಕೂಡಿದ್ದೆಷ್ಟು, ಕೊಂಡ ಸೈಕಲ್ ಎಷ್ಟು, ಉಳಿದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಬಸ್ ಸ್ಟ್ಯಾಂಡಿನಲ್ಲಿ, ಎ.ಪಿ.ಎಂ.ಸಿ. ಕಟ್ಟೆಯ ಮೇಲೆ ಅಂಟಿಸಿದರೆ ಓದುವವರು ಓದುತ್ತಾರೆ. ಸೈಕಲ್ ಯಾರಿಗೆ ಎಂಬುದನ್ನು ಶಾಲೆಯ ಹೆಡ್ ಮಾಸ್ತರರು ದೂರದ ಲೆಕ್ಕದ ಮೇಲೆ ಆರಿಸಲಿ. ಮುಖಂಡರ ಚೀಟಿ ಅಲ್ಲಿ ನಡೆಯಬಾರದು.

ಕಾಲವೂ ಕೂಡಿ ಬರುತ್ತದೆ. ಹಿಮ ಸರಿದು ಮನಾಲಿ-ಲೇಹ ರಸ್ತೆಯಲ್ಲಿ ಸೈಕಲ್ ಹೋಗುವುದು ಬೇಸಿಗೆ ಕಳೆದ ಮೇಲೆ. ಇಲ್ಲಿಯ ಸವಾರಿ ಚಳಿಗಾಲದಲ್ಲಿ, ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ಮುಗಿದರೆ ಶಾಲೆ ತೆರೆಯುವುದರೊಳಗೆ ಸೈಕಲ್ಲುಗಳು ಮಕ್ಕಳ ಕೈಸೇರಬಹುದು. ಪ್ರತಿ ಸೈಕಲ್ಲಿನ ಜೊತೆ ಒಂದು ಬೀಗ, ಶಾಲೆಗೊಂದು ಪಂಪು ಇರಲಿ. ಹತ್ತಿರದ ಪಂಕ್ಚರ್ ಅಂಗಡಿಯವನ ಹತ್ತಿರ ಮೊದಲೇ ಮಾತಾಡಿ ವರ್ಷದ ರಿಪೇರಿಗೆಂದು ಸ್ವಲ್ಪ ರೊಕ್ಕ ಇಟ್ಟಿರಬೇಕು. ಈ ಕಡೆಯ ಹಾದಿಗಳಲ್ಲಿ ಜಾಲಿ ಮುಳ್ಳು ಬಹಳ.