ಅಗ್ಗದ ಸೈಟಿನ ಅಡಿಯಲ್ಲಿ

ಹವಾಯಿಯಲ್ಲಿ ನೆಲದ ಬೆಲೆ ಆಕಾಶಕ್ಕೆ. ಅದೇ ಹವಾಯಿಯ ದೊಡ್ಡ ದ್ವೀಪದ ಪುನಾ ಜಿಲ್ಲೆಯಲ್ಲಿ ಮಾತ್ರ ಸೈಟು ಅಗ್ಗ. ಹಸಿರು, ಮಳೆ, ಹತ್ತಿರದಲ್ಲೇ ಸಮುದ್ರ, ಇನ್ನೇನು ಬೇಕು? ಕಿಲವೇಯ ಜ್ವಾಲಾಮುಖಿಯ ಶಿಖರವೇನೋ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿಯ ಬೆಂಕಿ ಇಲ್ಲಿಗೇಕೆ ಬಂದೀತು ಎಂಬ ಧೈರ್ಯ.

ಲೆಕ್ಕ ತಪ್ಪುವುದು ಅಲ್ಲೇ. ಹಳ್ಳಿಮನೆಯ ಕೋಡೊಲೆ ನೆನಪಿದೆಯೇ? ಸೌದೆ ಒಡ್ಡುವುದು ಒಂದು ಬಾಯಿಗೆ, ಉರಿ ಪಕ್ಕದ ಬಾಯಲ್ಲೂ ಏಳುತ್ತದೆ. ಕಿಲವೇಯದ ಪೂರ್ವಕ್ಕೆ ಸಮುದ್ರದವರೆಗೆ ಬಿರುಕುಗಳ ಪಟ್ಟಿಯೊಂದು ಚಾಚಿದೆ. ಶಿಲಾರಸ ಅದರೊಳಗೆ ನೆಲದಡಿಯಲ್ಲೇ ಹರಿದು, ತನಗೆ ದಾರಿ ಸಿಕ್ಕಲ್ಲಿ ಮೇಲೇಳುತ್ತದೆ.

2018ರ ಏಪ್ರಿಲ್ 30ರಂದು ಅದೇ ಪಟ್ಟಿಯ ಪುʻಉ ಓʻಓ ಕುಳಿಯ ತಳ ಕುಸಿಯಿತು. ಶಿಲಾರಸ ಪೂರ್ವಕ್ಕೆ ಜಾರಿತು. ಮೇ 3ರಂದು ಲೈಲಾನಿ ಎಸ್ಟೇಟ್ಸ್ ಬಡಾವಣೆಯಲ್ಲಿ, ಮನೆಗಳ ನಡುವೆಯೇ, ನೆಲ ಬಿರಿದು ಲಾವಾ ಚಿಮ್ಮಿತು. ಆಗಸ್ಟ್ ಹೊತ್ತಿಗೆ 700ಕ್ಕೂ ಹೆಚ್ಚು ಮನೆಗಳು ಇಲ್ಲವಾಗಿದ್ದವು. ಸುಮಾರು 35 ಚದರ ಕಿಲೋಮೀಟರ್ ನೆಲ ಕಪ್ಪು ಬಂಡೆಯಡಿ ಸೇರಿತ್ತು. ಕ್ರಯಪತ್ರ ಮಾತ್ರ ಪೆಟ್ಟಿಗೆಯಲ್ಲಿ ಭದ್ರ.

ಇದು ಗುಟ್ಟಿನ ಸಂಗತಿಯೂ ಅಲ್ಲ. 1960ರಲ್ಲಿ ಪಕ್ಕದ ಕಪೋಹೋ ಹಳ್ಳಿ ಹೀಗೆಯೇ ಮುಚ್ಚಿಹೋಗಿತ್ತು. ಅಮೆರಿಕದ ಭೂವಿಜ್ಞಾನಿಗಳು 1974ರಲ್ಲೇ ಅಪಾಯದ ನಕ್ಷೆ ಬರೆದುಕೊಟ್ಟರು. ಈಗಿನ ನಕ್ಷೆಯಲ್ಲಿ 9 ವಲಯಗಳಿವೆ. ಲೈಲಾನಿ ಅತ್ಯಂತ ಅಪಾಯದ ಒಂದನೆಯದರಲ್ಲಿದೆ. ಖಾಸಗಿ ವಿಮೆಯವರು ಇಂಥ ಕಡೆ ಹಿಂಜರಿದಾಗ, 1991ರಲ್ಲಿ ಶಾಸನದ ಮೂಲಕವೇ ಒಂದು ವಿಮಾಸಂಘ ಕಟ್ಟಬೇಕಾಯಿತು. ವಿಮಾ ಕಂಪನಿಗಿಂತ ಚೆನ್ನಾಗಿ ನಕ್ಷೆ ಓದುವವರು ಯಾರಿದ್ದಾರೆ!

ಲಾವಾ ನಿಂತ ಮೇಲೆ ಅಲ್ಲಿ ಸೈಟು ವ್ಯಾಪಾರ ಮತ್ತೆ ನಡೆದಿದೆ. ದಪ್ಪ ಲಾವಾ ಮೇಲೆ ಗಟ್ಟಿಯಾದರೂ ಒಳಗೆ ವರ್ಷಗಟ್ಟಲೆ ಬಿಸಿಯಾಗಿರುತ್ತದೆ. ಮಳೆ ಬಿದ್ದರೆ ಬಿರುಕುಗಳಿಂದ ಹಬೆ ಏಳುತ್ತದೆ.